ಓದುಗರ ಪ್ರಶ್ನೆ: ನಿಶ್ಚಯಕ್ಕೆ ವಜ್ರದುಂಗುರ

ತುಳಸಿ ಲಗ್ನ ಮುಗಿಯಿತೆಂದರೆ ನಮ್ಮ ಕಡೆ ನಿಶ್ಚಯಗಳ ಸಾಲು ಶುರು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಜ್ರದುಂಗುರದ ಬಗ್ಗೆಯೇ ಇದ್ದುದರಿಂದ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ತಮ್ಮನ ನಿಶ್ಚಯಕ್ಕೆ ಬೆಳಗಾವಿಯ ಖಡೇಬಜಾರಿನಲ್ಲಿ ಎರಡು ಅಂಗಡಿ ನೋಡಿದೆವು. ಎರಡೂ ಕಡೆ ‘50 ಸೆಂಟ್ ವಜ್ರ’ ಎಂದೇ ಹೇಳಿದರು. ಆದರೆ ಒಂದು ಕಡೆಯ ಬೆಲೆ ಇನ್ನೊಂದರ ಅರ್ಧವೂ ಇಲ್ಲ. ಯಾರನ್ನು ನಂಬೋಣ?
— ಓದುಗರು, ಬೈಲಹೊಂಗಲ

ಇಬ್ಬರೂ ನಿಜ ಹೇಳಿರಬಹುದು. ಸೆಂಟ್ ಎಂಬುದು ಬರೀ ತೂಕ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದನ್ನು ನೂರು ಪಾಲು ಮಾಡಿದರೆ ಒಂದು ಸೆಂಟ್. ನಿಮ್ಮ 50 ಸೆಂಟ್ ಒಂದು ಗ್ರಾಮಿನ ಹತ್ತನೇ ಒಂದು ಪಾಲು, ಅಷ್ಟೇ. ಬಂಗಾರದ ಕ್ಯಾರೆಟ್ ಬೇರೆ, ಅದು ಶುದ್ಧತೆಯ ಲೆಕ್ಕ. ಹೆಸರು ಒಂದೇ ಆಗಿದ್ದಕ್ಕೆ ಎಷ್ಟೋ ಮನೆಯವರು ‘18 ಕ್ಯಾರೆಟ್ ವಜ್ರ’ ಎಂದು ತಿಳಿದುಕೊಂಡು ಬರುತ್ತಾರೆ.

ಮೊದಲು ಕೇಳಬೇಕಾದದ್ದು, ಆ 50 ಸೆಂಟ್ ಒಂದೇ ಹರಳೋ, ಹಲವು ಹರಳೋ ಎಂದು. ಏಳೇಳು ಸೆಂಟಿನ ಏಳು ಹರಳನ್ನು ಹೂವಿನಂತೆ ಒತ್ತಿ ಕೂರಿಸಿದರೆ ತೂಕ 49 ಸೆಂಟ್, ನೋಡಲು ಸುಮಾರು 8 ಮಿಲಿಮೀಟರ್ ಅಗಲ. 50 ಸೆಂಟಿನ ಒಂಟಿ ದುಂಡು ಹರಳು ಅಗಲದಲ್ಲಿ 5 ಮಿಲಿಮೀಟರಿಗೆ ಸ್ವಲ್ಪ ಮೇಲೆ, ಅಷ್ಟೇ. ಆದರೂ ಒಂಟಿ ಹರಳಿನ ಬೆಲೆಯೇ ಬಹಳ ಹೆಚ್ಚು. ಭೂಮಿಯಿಂದ ದೊಡ್ಡ ಕಚ್ಚಾ ಹರಳು ಸಿಗುವುದು ಅಪರೂಪವಾದ್ದರಿಂದ ತೂಕ ಏರಿದಂತೆ ಪ್ರತಿ ಕ್ಯಾರೆಟ್ಟಿನ ದರವೂ ಏರುತ್ತ ಹೋಗುತ್ತದೆ.

ಒಂಟಿ ಹರಳೇ ಆಗಿದ್ದರೆ ಬಣ್ಣ ಮತ್ತು ಸ್ವಚ್ಛತೆ ನೋಡಿ. ಅಂಗಡಿಯ ಚೀಟಿಯ ಮೇಲೆ ಇಎಫ್-ವಿವಿಎಸ್, ಜಿಎಚ್-ವಿಎಸ್, ಐಜೆ-ಎಸ್‌ಐ ಎಂದು ಬರೆದಿರುತ್ತದೆ. ಮೊದಲಿನ ಅಕ್ಷರಗಳು ಬಣ್ಣ. ಡಿ ಅಕ್ಷರದಿಂದ ಎಣಿಕೆ ಶುರು, ಮುಂದೆ ಹೋದಂತೆ ಹಳದಿ ಛಾಯೆ ಕೂಡುತ್ತದೆ. ಎರಡನೆಯದು ಒಳಗಿನ ಕಲೆಗಳ ಲೆಕ್ಕ, ಹತ್ತು ಪಟ್ಟು ದೊಡ್ಡದಾಗಿಸಿ ನೋಡಿ ಕೊಟ್ಟ ದರ್ಜೆ. ವಿವಿಎಸ್, ವಿಎಸ್, ಎಸ್‌ಐ ಎಂದು ಮುಂದೆ ಹೋದಂತೆ ಕಲೆ ಹೆಚ್ಚು. ಹಳದಿ ಬಂಗಾರದಲ್ಲಿ ಕೂರಿಸುವುದಿದ್ದರೆ ಇಎಫ್‌ಗೆ ದುಡ್ಡು ಸುರಿಯಬೇಡಿ ಎಂಬುದು ನಮ್ಮ ಖಚಿತ ಸಲಹೆ. ಸುತ್ತಲಿನ ಬಂಗಾರದ ಹಳದಿಯೇ ಹರಳಿನೊಳಗೆ ಮೂಡುವುದರಿಂದ ಎಚ್ ಅಥವಾ ಐ ಬಣ್ಣವೂ ಬೆಳ್ಳಗೇ ಕಾಣುತ್ತದೆ. ಬಿಳಿ ಬಂಗಾರ, ಪ್ಲಾಟಿನಂ ಆದರೆ ಜಿ ಅಥವಾ ಎಚ್ ಸಾಕು. ಸ್ವಚ್ಛತೆಯಲ್ಲಿ ವಿಎಸ್2 ದರ್ಜೆಯ ಕಲೆ ಬರಿಗಣ್ಣಿಗೆ ಸಿಗುವುದಿಲ್ಲ. ಎಸ್‌ಐ1 ಸಹ ನಡೆಯುತ್ತದೆ, ಆದರೆ ಕಲೆ ಹರಳಿನ ನಡುನೆತ್ತಿಯಲ್ಲಿ ಕರ್ರಗೆ ಇರಬಾರದು. ‘ಕಾಕಪದ’ ಇರುವ ಹರಳು ಬೇಡ ಎನ್ನುತ್ತಿದ್ದ ಹಿರಿಯರು ನೋಡುತ್ತಿದ್ದುದೂ ಇಂಥ ಕಪ್ಪು ಗುರುತನ್ನೇ.

ಇಷ್ಟರಲ್ಲಿ ಉಳಿದ ದುಡ್ಡನ್ನು ಕಟಿಂಗ್‌ಗೆ ಹಾಕಿ. ಬಣ್ಣ, ಸ್ವಚ್ಛತೆ ಎರಡೂ ಹುಟ್ಟಿನಿಂದ ಬಂದವು, ಹೊಳಪು ಮಾತ್ರ ಸಾಣೆ ಹಿಡಿದವನ ಕೈಯಲ್ಲಿದೆ. ದುಂಡು ಹರಳಿಗೆ 57 ಅಥವಾ 58 ಮುಖ. ಮೇಲಿಂದ ಒಳಹೊಕ್ಕ ಬೆಳಕು ಕೆಳಗಿನ ಎರಡು ಇಳಿಜಾರಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ಆ ಇಳಿಜಾರು ಸುಮಾರು 41 ಡಿಗ್ರಿ ಇದ್ದಾಗ ಅದು ಚೆನ್ನಾಗಿ ಆಗುತ್ತದೆ. ತೂಕ ಉಳಿಸಿಕೊಳ್ಳಲು ಹರಳನ್ನು ಆಳವಾಗಿ ಬಿಟ್ಟರೆ ನಡುವೆ ಕಪ್ಪು ಮೊಳೆತಲೆಯಂತೆ ಕಾಣುತ್ತದೆ. ತೀರ ತಟ್ಟೆಯಾಗಿಸಿದರೆ ಮೀನಿನ ಕಣ್ಣಿನಂತೆ ಬೂದು ಉಂಗುರ ಬೀಳುತ್ತದೆ. ಎರಡೂ ಕಡೆ ಬೆಳಕು ಸೋರಿಹೋಗಿದೆ ಎಂದೇ ಅರ್ಥ. ಹರಳಿನ ಜೊತೆ ಬರುವ ಪ್ರಯೋಗಾಲಯದ ವರದಿಯಲ್ಲಿ ಕಟ್ ‘ಎಕ್ಸಲೆಂಟ್’ ಇರಲಿ, ಕಡಿಮೆಯೆಂದರೆ ‘ವೆರಿ ಗುಡ್’. ಒಟ್ಟು ಆಳ ಅಗಲದ ಶೇ. 59ರಿಂದ 62ರೊಳಗೆ ಇದೆಯೇ ಎಂದು ಸಾಲು ಹುಡುಕಿ ನೋಡಿ.

ಇನ್ನೊಂದು ಉಳಿತಾಯ: 30, 50, 70 ಸೆಂಟ್ ಮತ್ತು 1 ಕ್ಯಾರೆಟ್ ಮುಟ್ಟಿದ ತಕ್ಷಣ ದರ ಜಿಗಿಯುತ್ತದೆ. 46-48 ಸೆಂಟಿನದು ಕೇಳಿ. ಅಗಲದಲ್ಲಿ ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು ಕಡಿಮೆ, ಬೆರಳಿನಲ್ಲಿ ಯಾರಿಗೂ ಗೊತ್ತಾಗದು.

ಇಷ್ಟೆಲ್ಲ ಸರಿಸಮವಾಗಿದ್ದೂ ಬೆಲೆ ಅರ್ಧಕ್ಕಿಂತ ಕಡಿಮೆಯಿದ್ದರೆ, ಅದು ಪ್ರಯೋಗಾಲಯದಲ್ಲಿ ಬೆಳೆಸಿದ ಹರಳಾಗಿರುವ ಸಾಧ್ಯತೆ ಹೆಚ್ಚು. ನೇರವಾಗಿಯೇ ಕೇಳಿ.

ಉಂಗುರದ ಮೇಲೆ ಹಾಲ್‌ಮಾರ್ಕ್ ಇದೆ. ‘ಸರ್ಕಾರದ ಮುದ್ರೆಯೇ ಇರುವಾಗ ವಜ್ರಕ್ಕೆ ಬೇರೆ ಸರ್ಟಿಫಿಕೇಟ್ ಯಾಕೆ?’ ಎನ್ನುತ್ತಾರೆ ಅಂಗಡಿಯವರು.
— ಓದುಗರು, ಜಮಖಂಡಿ

ಬೇಕೇ ಬೇಕು. ಹಾಲ್‌ಮಾರ್ಕ್ ಹೇಳುವುದು ಬಂಗಾರದ ಬಗ್ಗೆ ಮಾತ್ರ. ಅದರ ನಡುವೆ ಕೂತದ್ದು ವಜ್ರವೋ ಗಾಜೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಉಂಗುರದ ಒಳಮೈಯಲ್ಲಿ ಮೂರು ಗುರುತು ಇರಬೇಕು: ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ ಚಿಹ್ನೆ, ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಆಭರಣದ್ದೇ ಆದ ಗುರುತಿನ ಸಂಖ್ಯೆ. ಶುದ್ಧತೆ 18 ಕ್ಯಾರೆಟ್‌ಗೆ 750, 14ಕ್ಕೆ 585. 2023ರ ಏಪ್ರಿಲ್ 1ರಿಂದ ಆರು ಅಂಕಿಯ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಆಭರಣವನ್ನು ಅಂಗಡಿಯಲ್ಲಿ ಮಾರುವಂತಿಲ್ಲ. ಮೊಬೈಲಿನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ತೆರೆದು ಆ ಆರು ಅಂಕಿ ಹಾಕಿದರೆ ಆಭರಣದ ಬಗೆ ಮತ್ತು ಶುದ್ಧತೆ ಕಾಣುತ್ತವೆ. ಕೈಯಲ್ಲಿರುವುದು ಉಂಗುರ, ಪರದೆಯಲ್ಲಿ ಕಿವಿಯೋಲೆ ಬಂದರೆ ಅಲ್ಲೇ ನಿಲ್ಲಿಸಿ. 2 ಗ್ರಾಮಿಗಿಂತ ಕಡಿಮೆ ತೂಕದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ ಎಂಬುದೂ ನೆನಪಿರಲಿ, ತೆಳು ಉಂಗುರಗಳು ಹೀಗೆ ತಪ್ಪಿಸಿಕೊಳ್ಳುತ್ತವೆ.

ವಜ್ರಕ್ಕೆ ಹರಳು ಪರೀಕ್ಷಿಸುವ ಸಂಸ್ಥೆಗಳಾದ ಜಿಐಎ ಅಥವಾ ಐಜಿಐ ವರದಿ ಕೇಳಿ. ಅದರಲ್ಲೂ ಎರಡು ಬಗೆ. ಬಿಡಿ ಹರಳನ್ನು ತೂಗಿ, ಅಳೆದು ಕೊಟ್ಟ ವರದಿ ಒಂದು. ಉಂಗುರದಲ್ಲಿ ಕೂರಿಸಿದ ಮೇಲೆ ಕೊಟ್ಟದ್ದು ಇನ್ನೊಂದು. ಎರಡನೆಯದರಲ್ಲಿ ಬಂಗಾರ ಅಡ್ಡ ಇರುವುದರಿಂದ ತೂಕವನ್ನು ಅಂದಾಜು ಮಾಡುವುದೋ ಅಂಗಡಿಯವರು ಹೇಳಿದ್ದನ್ನೇ ಬರೆಯುವುದೋ ಇರುತ್ತದೆ, ಬಣ್ಣವನ್ನೂ ‘ಜಿಯಿಂದ ಎಚ್’ ಎಂದು ಸಡಿಲವಾಗಿ ಹೇಳಿರುತ್ತಾರೆ. 30 ಸೆಂಟ್ ಮೇಲಿನ ಒಂಟಿ ಹರಳಿಗೆ ಬಿಡಿ ಹರಳಿನ ವರದಿಯೇ ಇರಲಿ. ವರದಿಯ ಸಂಖ್ಯೆಯನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ತೂಕ, ಅಳತೆ ಕೂಡುತ್ತವೆಯೇ ನೋಡಿ. ಅದೇ ಸಂಖ್ಯೆಯನ್ನು ಹರಳಿನ ಸೊಂಟದ (ಮೇಲಿನ, ಕೆಳಗಿನ ಭಾಗ ಕೂಡುವ ಅಂಚು) ಸುತ್ತ ಲೇಸರಿನಿಂದ ಕೊರೆದಿದ್ದರೆ ಲೂಪ್ (ಅಂಗಡಿಯವರ ಪುಟ್ಟ ಭೂತಗನ್ನಡಿ) ಅಥವಾ ಸೂಕ್ಷ್ಮದರ್ಶಕದಲ್ಲಿ ತೋರಿಸಲು ಕೇಳಿ. ಕೂರಿಸುವ ಮೊದಲು ಒಮ್ಮೆ, ಕೂರಿಸಿ ಕೊಟ್ಟ ಮೇಲೆ ಇನ್ನೊಮ್ಮೆ. ವರದಿ ಒಳ್ಳೆಯ ಹರಳಿನದು, ಉಂಗುರದಲ್ಲಿ ಕೂತದ್ದು ಬೇರೆ ಎಂಬ ಅದಲುಬದಲು ಆಗುವುದು ಈ ನಡುವಿನ ದಿನಗಳಲ್ಲೇ.

ಮಗ ಲ್ಯಾಬ್ ವಜ್ರವೇ ಬೇಕೆನ್ನುತ್ತಾನೆ. ಬೀಗರು ನಾಳೆ ‘ಖೊಟ್ಟಿ ಹಾಕಿದರು’ ಎಂದರೆ?
— ಓದುಗರು, ಶಹಾಪುರ, ಬೆಳಗಾವಿ

ಖೊಟ್ಟಿ ಅಲ್ಲ. ಅದೂ ಇಂಗಾಲದ ಹರಳೇ, ಗಟ್ಟಿತನ, ಹೊಳಪು ಎಲ್ಲ ಒಂದೇ. ಯಂತ್ರದೊಳಗೆ ಮಿಥೇನ್ ಮತ್ತು ಹೈಡ್ರೋಜನ್ ಅನಿಲದಿಂದ ಪದರ ಪದರವಾಗಿ ಬೆಳೆಸಿದ್ದಕ್ಕೆ ಸಿವಿಡಿ ಎಂದೂ, ಭಾರಿ ಒತ್ತಡ-ಶಾಖದಲ್ಲಿ ಬೆಳೆಸಿದ್ದಕ್ಕೆ ಎಚ್‌ಪಿಎಚ್‌ಟಿ ಎಂದೂ ಹೆಸರು. ಅಂಗಡಿಯವರ ಪೆನ್ನಿನಂಥ ಟೆಸ್ಟರ್ ಶಾಖ ಹರಿಯುವುದನ್ನು ನೋಡುತ್ತದೆ, ಆದ್ದರಿಂದ ಎರಡಕ್ಕೂ ‘ವಜ್ರ’ ಎಂದೇ ಕೂಗುತ್ತದೆ. ಬೇರ್ಪಡಿಸಲು ಪ್ರಯೋಗಾಲಯದ ಉಪಕರಣವೇ ಬೇಕು. ಐಜಿಐ ವರದಿಯ ಸಂಖ್ಯೆ ‘ಎಲ್‌ಜಿ’ ಎಂದು ಶುರುವಾದರೆ ಅದು ಬೆಳೆಸಿದ ಹರಳು.

ನಿಜವಾಗಿ ಖೊಟ್ಟಿ ಎನ್ನಬೇಕಾದವು ಬೇರೆ. ಅಮೆರಿಕನ್ ಡೈಮಂಡ್ ಎನ್ನುವ ಜಿರ್ಕೋನಿಯಾ ಟೆಸ್ಟರ್‌ನಲ್ಲೇ ಸಿಕ್ಕಿಬೀಳುತ್ತದೆ, ಅದೇ ಗಾತ್ರದ ವಜ್ರಕ್ಕಿಂತ ಅದು ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಮೊಯ್ಸನೈಟ್ ಮಾತ್ರ ಹಳೆಯ ಟೆಸ್ಟರನ್ನು ದಾಟಿಬಿಡುತ್ತದೆ. ಅದನ್ನು ಲೂಪಿನಲ್ಲಿ ಸ್ವಲ್ಪ ಓರೆ ಹಿಡಿದು ಹಿಂದಿನ ಮುಖಗಳ ಅಂಚು ನೋಡಿ: ಒಂದೊಂದು ಗೆರೆಯೂ ಜೋಡಿಯಾಗಿ ಕಾಣುತ್ತದೆ. ವಜ್ರದಲ್ಲಿ ಗೆರೆ ಒಂಟಿ.

ನಿರ್ಧಾರ ಹೀಗೆ ಮಾಡಿ. ಬೆಳೆಸಿದ ಹರಳಿನ ಬೆಲೆ ಈಚಿನ ವರ್ಷಗಳಲ್ಲಿ ಇಳಿಯುತ್ತಲೇ ಬಂದಿದೆ. ಯಂತ್ರ ಹೆಚ್ಚಿದಂತೆ ಮಾಲು ಹೆಚ್ಚುತ್ತದೆ, ಆದ್ದರಿಂದ ಮುಂದೆ ಮಾರಿದರೆ ಕೈಗೆ ಬರುವುದು ಅಲ್ಪ. ತೊಟ್ಟುಕೊಳ್ಳಲಿಕ್ಕೇ ಎಂದಾದರೆ ಅದೇ ದುಡ್ಡಿಗೆ ದೊಡ್ಡ, ಸ್ವಚ್ಛ ಹರಳು ಸಿಗುತ್ತದೆ, ತಪ್ಪೇನಿಲ್ಲ. ಕಷ್ಟಕಾಲಕ್ಕೆ ಆದೀತು ಎಂಬ ಲೆಕ್ಕವಿದ್ದರೆ ನೈಸರ್ಗಿಕ ವಜ್ರವೂ ಅಷ್ಟೇನೂ ಆಗದು. ಅದಕ್ಕೆ ಬಂಗಾರವೇ ಸರಿ. ಆದರೆ ಬೀಗರಿಗೆ ಮೊದಲೇ ಹೇಳಿಬಿಡಿ. ಸಾಖರಪುಡಾ (ನಿಶ್ಚಯ) ದಿನ ಮುಚ್ಚಿಟ್ಟು, ಮುಂದೆಂದೋ ಬೇರೆ ಅಂಗಡಿಯವರ ಬಾಯಿಂದ ಅವರಿಗೆ ತಿಳಿದರೆ ಆ ಮನಸ್ತಾಪ ಹರಳಿನ ಬೆಲೆಗಿಂತ ದೊಡ್ಡದು.

ನನ್ನ ನಿಶ್ಚಯಕ್ಕೆ ಎತ್ತರದ ಒಂಟಿ ಹರಳಿನ ಉಂಗುರ ಆರಿಸಿದ್ದೇನೆ. ‘ರೊಟ್ಟಿ ಬಡಿಯೋ ಕೈಗೆ ಇದು ತಡಿಯೂದಿಲ್ಲವ್ವಾ’ ಅಂತಾರೆ ಅತ್ತೆಯವರು. ವಜ್ರ ಅಷ್ಟು ಗಟ್ಟಿ ಅಲ್ಲವೇ?
— ಓದುಗರು, ಬನಹಟ್ಟಿ

ನಿಮ್ಮ ಅತ್ತೆಯವರ ಮಾತು ಸರಿ, ಆದರೆ ಸೋಲುವುದು ವಜ್ರವಲ್ಲ, ಬಂಗಾರ. ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವಾಗ ಅಂಗೈಯ ಬುಡದ ಪೆಟ್ಟು ಉಂಗುರದ ಕೆಳಬಳೆಗೆ, ಅಂದರೆ ಬೆರಳು ಸುತ್ತುವ ಪಟ್ಟಿಯ ಕೆಳಭಾಗಕ್ಕೆ, ಬೀಳುತ್ತದೆ. ತೆಳು ಬಳೆ ಮೆಲ್ಲಗೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬಳೆ ಬಾಗಿತೆಂದರೆ ಮೇಲೆ ಹರಳನ್ನು ಕಚ್ಚಿ ಹಿಡಿದ ಕಾಲುಗಳು, ಅಂಗಡಿಯ ಮಾತಿನಲ್ಲಿ ಪ್ರಾಂಗ್‌ಗಳು, ಕೂದಲೆಳೆಯಷ್ಟು ಬಾಯಿ ಬಿಡುತ್ತವೆ. ಅಷ್ಟು ಸಾಕು, ಹರಳು ಅಲ್ಲಾಡಲು ಶುರು.

ಎರಡನೆಯದು ಹಿಟ್ಟು. ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟು ಹರಳಿನ ಕೆಳಗಿನ ಸಂದಿಗೆ ಹೊಕ್ಕು ಒಣಗಿದರೆ ಗಚ್ಚಿನಂತಾಗುತ್ತದೆ. ಅದನ್ನು ಸೂಜಿಯಿಂದ ಕೆದಕಲು ಹೋಗಿ ಪ್ರಾಂಗ್ ಎತ್ತಿಬಿಡುವವರೇ ಹೆಚ್ಚು. ಜೊತೆಗೆ ಜಿಡ್ಡು: ವಜ್ರಕ್ಕೆ ಎಣ್ಣೆಯನ್ನು ಸೆಳೆದು ಹಿಡಿಯುವ ಗುಣವಿದೆ. ಗಣಿಗಳಲ್ಲಿ ಜಿಡ್ಡು ಬಳಿದ ಹಲಗೆಯ ಮೇಲೆ ಮಣ್ಣುನೀರು ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದುದೂ ಇದೇ ಗುಣದಿಂದ. ಒಂದು ವಾರದ ಒಗ್ಗರಣೆ ಎಣ್ಣೆ ಸಾಕು, ಕೆಳಮುಖಗಳು ಮಂಕಾಗಿ ಹರಳೇ ಕೆಟ್ಟಿತೇನೋ ಅನಿಸುತ್ತದೆ.

ಇನ್ನು ‘ಗಟ್ಟಿ’ ಎಂಬ ಮಾತು. ಗೀರುವುದರಲ್ಲಿ ವಜ್ರಕ್ಕೆ ಸಾಟಿಯಿಲ್ಲ. ಆದರೆ ಕಟ್ಟಿಗೆ ಎಳೆಗುಂಟ ಸೀಳುವಂತೆ ವಜ್ರಕ್ಕೂ ಸೀಳುವ ದಿಕ್ಕುಗಳಿವೆ. ಒರಳಿನ ಅಂಚಿಗೆ ಜೋರಾಗಿ ತಾಗಿದರೆ ಸೊಂಟದ ಅಂಚು ಚಕ್ಕೆ ಏಳಬಹುದು. ಚೌಕದ ಪ್ರಿನ್ಸೆಸ್, ಹನಿಯಾಕಾರದ ಪೇರ್ ಹರಳುಗಳ ಚೂಪು ಮೂಲೆಗೆ ಈ ಭಯ ಜಾಸ್ತಿ. ವರದಿಯಲ್ಲಿ ಸೊಂಟದ ದಪ್ಪ ‘ಎಕ್ಸ್‌ಟ್ರೀಮ್ಲಿ ಥಿನ್’ ಎಂದಿದ್ದರೆ ದಿನವೂ ತೊಡುವ ಉಂಗುರಕ್ಕೆ ಅದು ಬೇಡ.

ನಿಮಗೆ ನಾವು ಹೇಳುವುದು: ದುಂಡು ಹರಳು, ಸುತ್ತಲೂ ಬಂಗಾರದ ಅಂಚು ಮಡಚಿ ಹಿಡಿದ ಬೆಜಲ್ ಕಟ್ಟು, ತಗ್ಗಿನ ಎತ್ತರ. ಪ್ರಾಂಗ್ ಇರಲೇಬೇಕೆಂದರೆ ನಾಲ್ಕರ ಬದಲು ಆರು ಹಾಕಿಸಿ, ಒಂದು ಸೋತರೂ ಐದು ಹಿಡಿದಿರುತ್ತವೆ. ಬಳೆಯ ಕೆಳಭಾಗ ಒಂದೂವರೆ ಮಿಲಿಮೀಟರಿಗಿಂತ ತೆಳುವಾಗದಿರಲಿ. ಬಂಗಾರ 18 ಅಥವಾ 14 ಕ್ಯಾರೆಟ್ಟಿನದು. 22 ಕ್ಯಾರೆಟ್ ಮೆದು, ಹರಳಿನ ಹಿಡಿತ ಬೇಗ ಸಡಿಲಾಗುತ್ತದೆ. ಹರಳಿನ ಕೆಳಗೆ ತೆರೆದಿರಲಿ. ಬೆಳಕಿಗಿಂತ ಹೆಚ್ಚಾಗಿ ತೊಳೆಯುವ ಅನುಕೂಲಕ್ಕೆ.

ಪ್ರಾಂಗ್ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಇಳಕಲ್ ಸೀರೆಯ ಹಳೆಯ ರೇಷ್ಮೆ ಸೆರಗಿನ ತುಂಡನ್ನು ಉಂಗುರದ ಮೇಲೆ ಎಲ್ಲ ದಿಕ್ಕಿನಿಂದಲೂ ಹಗುರಾಗಿ ಎಳೆಯಿರಿ. ಎಳೆ ಸಿಕ್ಕಿತೋ, ಆ ಕಾಲು ಎದ್ದಿದೆ. ಆಮೇಲೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಅಂದೇ ಪತ್ತಾರರ ಹತ್ತಿರ ಒಯ್ಯಿರಿ. ಏನೂ ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ತೋರಿಸಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವದ ಎರಡು ಹನಿ. ಇಪ್ಪತ್ತು ನಿಮಿಷ ನೆನೆಸಿ, ಮಕ್ಕಳ ಮೆತ್ತನೆಯ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ. ಬಟ್ಟಲಿನಲ್ಲೇ ತೊಳೆಯಿರಿ, ಬಚ್ಚಲ ತೂಬಿನ ಮೇಲೆ ಬೇಡ. ಹಲ್ಲುಪುಡಿ, ಪೇಸ್ಟ್ ಬಂಗಾರವನ್ನು ಗೀರುತ್ತವೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಬಂಗಾರದಲ್ಲಿ ಬೆರೆಸಿದ ಬೇರೆ ಲೋಹವನ್ನು ತಿಂದು ಪ್ರಾಂಗ್ ಮುರಿಯುವಂತೆ ಮಾಡುತ್ತದೆ. ಮತ್ತು ದಯವಿಟ್ಟು ಹಿಟ್ಟಿಗೆ ಕೈ ಹಾಕುವ ಮೊದಲು ಉಂಗುರ ತೆಗೆದು ಒಂದೇ ಜಾಗದಲ್ಲಿ ಇಡುವ ರೂಢಿ ಮಾಡಿಕೊಳ್ಳಿ. ಸೆರಗಿನ ತುದಿಗೆ ಕಟ್ಟಿಕೊಳ್ಳುವುದು ಬೇಡ, ಉಂಗುರ ಕಳೆಯುವುದು ಬಹುತೇಕ ಹಾಗೆಯೇ.

ಅಂಗಡಿಯಲ್ಲಿ ಕಣ್ಣು ಕೋರೈಸಿದ ಹರಳು ಮನೆಗೆ ತಂದ ಮೇಲೆ ಮಂಕು. ಬದಲಾಯಿಸಿದರೇ?
— ಓದುಗರು, ವಿಜಯಪುರ

ಬದಲಾಗಿದ್ದು ಬೆಳಕು. ಚಾವಣಿಯ ಹತ್ತಾರು ಸಣ್ಣ ದೀಪಗಳ ಕೆಳಗೆ ಗಾಜಿನ ಚೂರೂ ಮಿನುಗುತ್ತದೆ. ಹದಿನೇಳನೇ ಶತಮಾನದಲ್ಲಿ ಗೋಲ್ಕೊಂಡ, ವಿಜಯಪುರ ಸೀಮೆಯ ವಜ್ರದ ಗಣಿಗಳನ್ನು ಕಂಡ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಒಂದು ಸಂಗತಿ ಬರೆದಿಟ್ಟಿದ್ದಾನೆ: ಇಲ್ಲಿಯವರು ರಾತ್ರಿ ಹೊತ್ತು ಗೋಡೆಯ ಗೂಡಿನಲ್ಲಿ ದಪ್ಪ ಬತ್ತಿಯ ಒಂದು ದೀಪ ಇಟ್ಟು, ಹರಳನ್ನು ಬೆರಳ ನಡುವೆ ಹಿಡಿದು ಅದರ ‘ನೀರು’, ಅಂದರೆ ನಿರ್ಮಲತೆ, ನೋಡುತ್ತಿದ್ದರಂತೆ. ಒಂದೇ ಬೆಳಕು, ಕಣ್ಣಿಗೆ ಹತ್ತಿರ. ಇಂದಿಗೂ ಆ ಬುದ್ಧಿ ಸರಿಯಾದದ್ದೇ.

ನೀವು ಉಂಗುರವನ್ನು ಅಂಗಡಿಯ ಬಾಗಿಲಿಗೆ ತನ್ನಿ. ನೇರ ಬಿಸಿಲಲ್ಲ, ನೆರಳಿನ ಬೆಳಕು. ಹತ್ತಿರದಿಂದ ನೋಡುವಾಗ ನಡುವೆ ಕಪ್ಪು ಹೊಂಡ ಉಳಿಯುತ್ತದೆಯೇ, ಉಂಗುರ ಅಲ್ಲಾಡಿಸಿದಾಗ ಬೆಳಕು-ಕತ್ತಲು ಎಲ್ಲ ಕಡೆ ಸರಿದಾಡುತ್ತದೆಯೇ ಗಮನಿಸಿ. ಆಮೇಲೆ ಬಿಸಿಲಿಗೆ ಹಿಡಿಯಿರಿ. ವರದಿಯಲ್ಲಿ ಫ್ಲೋರೆಸೆನ್ಸ್ (ಅತಿನೇರಳೆ ಕಿರಣ ಬಿದ್ದಾಗ ಹರಳು ತಾನೇ ಬೆಳಗುವ ಗುಣ) ‘ಸ್ಟ್ರಾಂಗ್’ ಎಂದಿರುವ ಕೆಲವು ಹರಳು ಬಿಸಿಲಿನಲ್ಲಿ ಹಾಲು ಬೆರೆಸಿದಂತೆ ಕಾಣುತ್ತವೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಇದನ್ನು ನೋಡಿಯೇ ಕೊಳ್ಳಬೇಕು. ಈಗಾಗಲೇ ತಂದದ್ದಾದರೆ ಮೊದಲು ಮೇಲೆ ಹೇಳಿದಂತೆ ತೊಳೆಯಿರಿ, ಆಮೇಲೂ ಅನುಮಾನ ಉಳಿದರೆ ಲೇಸರ್ ಸಂಖ್ಯೆ ಓದಿಸಿ.

ಬೀಗತಿಗೆ ಗೊತ್ತಾಗದಂತೆ ಹುಡುಗಿಯ ಬೆರಳಿನ ಅಳತೆ ಪಡೆಯುವುದು ಹೇಗೆ?
— ಓದುಗರು, ಮುಧೋಳ

ಅವಳು ಅದೇ ಬೆರಳಿಗೆ ಹಾಕುವ ಹಳೆಯ ಉಂಗುರ ಸಾಕು. ಒಳ ಅಡ್ಡಳತೆ 16.5 ಮಿಲಿಮೀಟರ್, ಅಂದರೆ ಒಳಸುತ್ತು ಸುಮಾರು 52 ಬಂದರೆ ನಮ್ಮ ಅಂಗಡಿಗಳ 12ನೇ ನಂಬರಿನ ಆಸುಪಾಸು. ಸುತ್ತಳತೆಯಲ್ಲಿ 40 ಕಳೆದರೆ ನಂಬರ್ ಎಂಬುದು ಒರಟು ಲೆಕ್ಕ. ಚಳಿಯ ಬೆಳಗಿನಲ್ಲಿ ಬೆರಳು ಸೊರಗಿರುತ್ತದೆ, ಸಂಜೆಯ ಅಳತೆಯೇ ನಂಬಿಕೆಯದು. ಅನುಮಾನವಿದ್ದರೆ ಅರ್ಧ ನಂಬರ್ ದೊಡ್ಡದಿರಲಿ. ಬಂದ ಜನರೆದುರು ಉಂಗುರ ಗೆಣ್ಣಿನಲ್ಲಿ ನಿಂತರೆ ಹುಡುಗಿಗೆ ಮುಜುಗರ. ಸುತ್ತಲೂ ಹರಳು ಕೂರಿಸಿದ ಉಂಗುರವನ್ನು ಹಿಗ್ಗಿಸಲಾಗದು, ಅಳತೆ ಖಚಿತವಿಲ್ಲದೆ ಅಂಥದ್ದು ಬೇಡ.

ಬಿಲ್ಲಿನಲ್ಲಿ ಏನೇನು ನೋಡಬೇಕು? ಒಂದೇ ಮೊತ್ತ ಬರೆದುಕೊಟ್ಟಿದ್ದಾರೆ.
— ಓದುಗರು, ಚಿಕ್ಕೋಡಿ

ಒಂದೇ ಮೊತ್ತದ ಬಿಲ್ ಒಪ್ಪಬೇಡಿ, ಸಾಲು ಸಾಲಾಗಿ ಬಿಡಿಸಿ ಬರೆಸಿ. ಲೆಕ್ಕ ಸುಲಭವಾಗಲೆಂದು ಶುದ್ಧ ಬಂಗಾರ ಗ್ರಾಮಿಗೆ 10,000 ರೂಪಾಯಿ ಎಂದು ಹಿಡಿಯೋಣ (ಅಂದಿನ ದರ ಹಾಕಿಕೊಳ್ಳಿ). 18 ಕ್ಯಾರೆಟ್ ಅಂದರೆ ಅದರ ಮುಕ್ಕಾಲು, 7,500. ಉಂಗುರದ ಒಟ್ಟು ತೂಕ 4.296 ಗ್ರಾಂ. 48 ಸೆಂಟಿನ ಹರಳು 0.096 ಗ್ರಾಂ. ನಿವ್ವಳ ಬಂಗಾರ 4.200 ಗ್ರಾಂ, ಬೆಲೆ 31,500. ಮಜೂರಿ ಶೇ. 12 ಆದರೆ 3,780. ಹರಳಿಗೆ ಕ್ಯಾರೆಟ್ಟಿಗೆ 1,20,000 ಎಂದಿಟ್ಟರೆ 57,600. ಕೂಡಿದರೆ 92,880, ಜಿಎಸ್‌ಟಿ ಶೇ. 3ರಂತೆ 2,786 ರೂ. 40 ಪೈಸೆ. ಒಟ್ಟು 95,666 ರೂ. 40 ಪೈಸೆ.

ತಪ್ಪುವುದು ಎಲ್ಲಿ? ಒಟ್ಟು ತೂಕಕ್ಕೇ ಬಂಗಾರದ ದರ ಹಾಕಿದರೆ ಹರಳಿನ ತೂಕಕ್ಕೆ ಎರಡು ಸಲ ದುಡ್ಡು ಕೊಟ್ಟಂತೆ. ಇಲ್ಲಿ ಅದು 720 ರೂಪಾಯಿ. ದೊಡ್ಡ ಪೆಟ್ಟು ಬೀಳುವುದು 18 ಕ್ಯಾರೆಟ್ ಉಂಗುರಕ್ಕೆ ಫಲಕದ ಮೇಲಿನ 22 ಕ್ಯಾರೆಟ್ ದರ (ನಮ್ಮ ಲೆಕ್ಕದಲ್ಲಿ ಶೇ. 91.6ರಂತೆ ಗ್ರಾಮಿಗೆ 9,160) ಹಾಕಿದಾಗ. ಇದೇ ಉಂಗುರಕ್ಕೆ ಬಂಗಾರದ ಬೆಲೆಯಲ್ಲೇ 6,972 ರೂಪಾಯಿ ಹೆಚ್ಚಾಗುತ್ತದೆ.

ಬಿಲ್ಲಿನಲ್ಲಿ ಹರಳು ನೈಸರ್ಗಿಕವೋ ಬೆಳೆಸಿದ್ದೋ, ತೂಕ, ಬಣ್ಣ, ಸ್ವಚ್ಛತೆ, ವರದಿಯ ಸಂಖ್ಯೆ ಇರಲಿ. ಮರಳಿ ಕೊಟ್ಟರೆ ನಗದು ಎಷ್ಟು, ಬದಲಿ ಆಭರಣವಾದರೆ ಎಷ್ಟು, ಹರಳಿನ ಬೆಲೆಯನ್ನು ಬಿಲ್ಲಿನ ದರಕ್ಕೆ ಹಿಡಿಯುತ್ತಾರೋ ಅಂದಿನ ದರಕ್ಕೋ, ಇದನ್ನೂ ಬರೆಸಿ. ಬಾಯಿಮಾತಿನ ‘ನಾವೇ ವಾಪಸ್ ತಗೋತೀವಿ’ ಎಂಬುದಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ. ಖರೀದಿ 2 ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು, 2 ಲಕ್ಷ ಅಥವಾ ಹೆಚ್ಚನ್ನು ಅಂಗಡಿಯವರು ನಗದಾಗಿ ತೆಗೆದುಕೊಳ್ಳುವಂತಿಲ್ಲ.

ಅಜ್ಜಿಯ ಮೂಗುತಿಯ ಹರಳುಗಳನ್ನು ಕಿತ್ತು ಮೊಮ್ಮಗಳ ನಿಶ್ಚಯದ ಉಂಗುರಕ್ಕೆ ಕೂರಿಸಬಹುದೇ?
— ಓದುಗರು, ಇಂಡಿ

ಕೂರಿಸಬಹುದು, ಆದರೆ ಮೊದಲು ಅವು ಏನೆಂದು ತಿಳಿದುಕೊಳ್ಳಿ. ಹಳೆಯ ಆಭರಣಗಳಲ್ಲಿ ಹರಳಿನ ಬೆನ್ನು ಮುಚ್ಚಿ, ಹಿಂದೆ ಹೊಳಪಿನ ತಗಡು ಇಟ್ಟಿರುತ್ತಾರೆ. ತೆಗೆದ ಮೇಲೆ ಬಿಳಿ ಪುಷ್ಯರಾಗವೋ ಗಾಜೋ ಎಂದು ತಿಳಿಯುವುದುಂಟು. ವಜ್ರವೇ ಆಗಿದ್ದರೂ ತಟ್ಟೆಯಂಥ ಹಳೆಯ ಸಾಣೆಯದಾದರೆ ತೆರೆದ ಕಟ್ಟಿನಲ್ಲಿ ಅದರ ಹೊಳಪು ಕುಗ್ಗುತ್ತದೆ, ಅದಕ್ಕೆ ಮುಚ್ಚಿದ ಬೆನ್ನಿನ ಕಟ್ಟೇ ಒಪ್ಪುತ್ತದೆ. ಸಾಣೆ ಬದಲಿಸಲು ಹೋದರೆ ತೂಕ ಗಣನೀಯವಾಗಿ ಇಳಿಯುತ್ತದೆ, ಹಳೆಯ ಹರಳಿನ ಚೆಲುವೂ ಹೋಗುತ್ತದೆ. ನಾವಾದರೆ ಹಾಗೆಯೇ ಇಡಿ ಎನ್ನುತ್ತೇವೆ.

ಕೀಳುವಾಗ ಎದುರಿಗೇ ಕುಳಿತುಕೊಳ್ಳಿ. ಮೊದಲು ಫೋಟೋ, ಆಮೇಲೆ ಹರಳುಗಳ ಎಣಿಕೆ. ಕಿತ್ತ ಮೇಲೆ ಒಂದೊಂದನ್ನೂ ಸೆಂಟಿನ ತಕ್ಕಡಿಯಲ್ಲಿ ತೂಗಿ ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿ. ಹರಳು ಕೂತಿದ್ದಂತೆಯೇ ಬಂಗಾರಕ್ಕೆ ಬೆಸುಗೆ ಹಾಕುವುದಿದ್ದರೆ ಪತ್ತಾರರು ಬೋರಿಕ್ ಆ್ಯಸಿಡ್ ಲೇಪ ಬಳಿಯಲೇಬೇಕು. ಬರೀ ಉರಿ ತಾಗಿದರೆ ವಜ್ರದ ಮೇಲ್ಮೈ ಸುಟ್ಟು ಹಾಲುಗಾಜಿನಂತಾಗುತ್ತದೆ, ಮತ್ತೆ ಸಾಣೆ ಹಿಡಿಸದೆ ಅದು ಹೋಗದು. ಬಿರುಕಿಗೆ ಗಾಜು ತುಂಬಿದ ಹರಳಾದರೆ ಉರಿಗೆ ಒಡ್ಡಲೇಬಾರದು, ತುಂಬಿದ್ದು ಕರಗಿ ಹೋಗಿ ಬಿರುಕು ಎದ್ದು ಕಾಣುತ್ತದೆ. ಮೂಗುತಿಯ ಬಂಗಾರವನ್ನು ಅಂದೇ ಕರಗಿಸಲು ಒಪ್ಪಬೇಡಿ. ಹರಳುಗಳ ಪರೀಕ್ಷೆ ಮುಗಿಯುವವರೆಗೆ ಖಾಲಿ ಕಟ್ಟು ನಿಮ್ಮ ಬಳಿಯೇ ಇರಲಿ. ಬೇಡವೆನಿಸಿದರೆ ಅದೇ ಮೂಗುತಿಯಲ್ಲಿ ಮತ್ತೆ ಕೂರಿಸಬಹುದು.